ಬಟ್ಟಲು ಬರಿದಾದ ಸದ್ದು

ಮೊದಲೇ ಹೇಳಿಬಿಡುತ್ತೇನೆ. ಬೇರೆಯವರ ಬಾಯಿಂದ ಕೇಳಿ ನೀವು ನಗುವುದಕ್ಕಿಂತ ನನ್ನ ಬಾಯಿಂದಲೇ ಕೇಳಿ ನಗುವುದು ವಾಸಿ. ಕಡೂರಿನ ಡಾಕ್ಟರ ಶಾಪಿನಲ್ಲಿ, ಬೆಂಚಿನ ತುಂಬ ಜನ ಕೂತು ನೋಡುತ್ತಿರುವಾಗ, ಔಷಧಿ ಮುಗಿದು ಒಣಗಿಹೋಗಿದ್ದ ಮಿಷನ್ನಿನಿಂದ ಬರೀ ಗಾಳಿ ಎಳೆದುಕೊಂಡು, ಮುಖದ ಮೇಲಿನ ಮಾಸ್ಕನ್ನು ಚೂರು ಎತ್ತಿ, “ಈಗ ಬಂತು ನೋಡಿ ಅಸಲಿ ಔಷಧಿ! ಎದೆಯೊಳಗೆ ಬಾಗ್ಲು ತೆಗ್ದಂಗಾಯ್ತು” ಎಂದು ಸರ್ಟಿಫಿಕೇಟು ಕೊಟ್ಟ ಮಹಾನುಭಾವ ನಾನೇ. ಗಾಳಿಗೆ ಸರ್ಟಿಫಿಕೇಟು ಕೊಟ್ಟವನು ಕಡೂರು, ತರೀಕೆರೆ ಎರಡೂ ತಾಲ್ಲೂಕು ಸೇರಿಸಿ ಹುಡುಕಿದರೂ ಇನ್ನೊಬ್ಬ ಸಿಗಲಾರ.

ಇದನ್ನು ಬರೆಯುತ್ತಿರುವುದು ನನ್ನ ಹಾಗೆ ಉಬ್ಬಸ ಇರುವವರಿಗಾಗಿ. ನಿಮ್ಮ ಎದೆಯಲ್ಲೂ ಬೆಕ್ಕಿನ ಮರಿಗಳು ಸಂಸಾರ ಹೂಡಿ ಕೂಗುತ್ತಿದ್ದರೆ ನೀವೊಬ್ಬರೇ ಎಂದು ತಿಳಿಯಬೇಡಿ. ನಮ್ಮದೊಂದು ಬೆಂಚೇ ಇದೆ. ಸ್ವಲ್ಪ ಸರಿದು ಕೂತರೆ ನಿಮಗೂ ಜಾಗ ಆಗುತ್ತದೆ.

ಅಜ್ಜಂಪುರದಲ್ಲಿ ನಮ್ಮದು ಹಿಟ್ಟಿನ ಗಿರಣಿ. ಗಿರಣಿ ಅಪ್ಪನದು, ನನ್ನ ಕಸುಬು ಅಣಕಿಸುವುದು. ಪಿಯುಸಿಯನ್ನು ಒಂದಕ್ಕಿಂತ ಹೆಚ್ಚು ಸಲ ಓದಿದವನು ನಾನು, ಇಷ್ಟಪಟ್ಟೇನಲ್ಲ. ಆ ಬಿಡುವಿನಲ್ಲಿ ತರೀಕೆರೆ ಬಸ್ಸಿನ ಕಂಡಕ್ಟರು ಸೀಟಿ ಊದುವ ಮೊದಲು ಗಂಟಲು ಸರಿಮಾಡಿಕೊಳ್ಳುವುದು, ಸ್ಟೇಷನ್ನಿನಲ್ಲಿ ರೈಲು ಹೊರಡುವಾಗ ಏದುಸಿರು ಬಿಡುವುದು, ನಮ್ಮ ಗಿರಣಿಯ ಬೆಲ್ಟು ಪಟಪಟ ಹೊಡೆದುಕೊಳ್ಳುವುದು, ಎಲ್ಲವನ್ನೂ ಗಂಟಲಿಗೆ ಇಳಿಸಿಕೊಂಡೆ. ನಮ್ಮ ತಾತನಿಗೆ ದಮ್ಮಿತ್ತು. ಅವನು ಮೆಟ್ಟಿಲು ಹತ್ತಿ ಬಂದು ನಿಂತು ಎಳೆಯುತ್ತಿದ್ದ ಉಸಿರನ್ನು ನಾನು ಎಷ್ಟು ಚೆನ್ನಾಗಿ ಎಳೆಯುತ್ತಿದ್ದೆ ಎಂದರೆ, ಸ್ವತಃ ತಾತನೇ, “ನಂಗಿಂತ ನಿಂದೇ ಚಂದಾಗೈತೆ ಕಣ್ಲಾ” ಎಂದು ಒಪ್ಪಿಕೊಂಡಿದ್ದ.

ಹಾಗಾಗಿ ಅದು ನನಗೇ ನಿಜವಾಗಿ ಬಂದ ದಿನ ಯಾರೂ ನಂಬಲಿಲ್ಲ. ರಾಗಿ ಸುಗ್ಗಿಯ ಕಾಲ. ಗಿರಣಿಯಲ್ಲಿ ಹಿಟ್ಟಿನ ಧೂಳು ಬಿಸಿಲುಕೋಲಿನಲ್ಲಿ ಕುಣಿಯುತ್ತಿತ್ತು. ಚೀಲವೊಂದರ ಮೇಲೆ ಕೂತಿದ್ದ ನನಗೆ ಇದ್ದಕ್ಕಿದ್ದಂತೆ ಉಸಿರು ಒಳಗೆ ಹೋಯಿತು, ಹೊರಗೆ ಬರಲೊಲ್ಲೆ ಅಂದಿತು. ಬಂದರೂ ಸೀಟಿ ಊದಿಕೊಂಡು ಬಂತು. ಊಟಕ್ಕೆ ಕರೆಯಲು ಬಂದ ಅವ್ವ ಬಾಗಿಲಲ್ಲಿ ನಿಂತು ಬೈದಳು.

“ಥೂ ನಿನ್ನ. ತೀರಿಕೊಂಡ ತಾತನ್ನೂ ಬಿಡಲ್ವೇನೋ? ಸಾಕು ನಿಲ್ಸು.”

ನಿಲ್ಲಿಸುವುದಕ್ಕೆ ನಾನೆಲ್ಲಿ ಶುರು ಮಾಡಿದ್ದೆ! ಕೈ ಎತ್ತಿ ಅಲ್ಲಾಡಿಸಿದೆ. ಅವ್ವ ಅದನ್ನೂ ನಾಟಕದ ಭಾಗ ಎಂದುಕೊಂಡು ನಕ್ಕಳು. ಆಮೇಲೆ ನನ್ನ ತುಟಿ ನೋಡಿದಳು. ತುಟಿಯ ಬಣ್ಣ ಅಣಕಿಸುವ ವಿದ್ಯೆ ನನಗೆ ಬರುವುದಿಲ್ಲ ಎಂದು ಅವಳಿಗೆ ಗೊತ್ತು.

“ರೀ, ನಿಲ್ಸ್ರೀ ಗಿರಣೀನ!” ಎಂದು ಅವಳು ಕೂಗಿದ್ದು ಬೆಲ್ಟಿನ ಸದ್ದಿನ ಮೇಲೂ ಕೇಳಿಸಿತು.

ಅಪ್ಪ ಗಿರಣಿ ನಿಲ್ಲಿಸಿದ. ಇದು ಸಣ್ಣ ವಿಷಯವಲ್ಲ. ಕಾಳು ಕಲ್ಲಿನ ಮೇಲಿರುವಾಗ ಗಿರಣಿ ನಿಲ್ಲಿಸಬಾರದು ಎನ್ನುವುದು ನಮ್ಮ ಮನೆಯಲ್ಲಿ ದೇವರ ಮುಂದಿನ ದೀಪ ಆರಬಾರದು ಎನ್ನುವಷ್ಟೇ ಗಟ್ಟಿ ಮಾತು. ಮೇಲಿನ ಡಬ್ಬದಲ್ಲಿ ಯಾರದೋ ರಾಗಿ ಅರ್ಧ ಉಳಿದಿರುವಾಗಲೇ ಅಪ್ಪ ಸ್ವಿಚ್ಚು ಆರಿಸಿದ್ದು ನೋಡಿ ನನಗೆ ಉಬ್ಬಸಕ್ಕಿಂತ ಹೆಚ್ಚು ಹೆದರಿಕೆಯಾಯಿತು. ನಾನು ಸಾಯುತ್ತಿದ್ದೇನೆ, ಇಲ್ಲದಿದ್ದರೆ ಈ ಮನುಷ್ಯ ಹಿಂಗೆ ಮಾಡುವವನಲ್ಲ ಅಂದುಕೊಂಡೆ.

ಆ ದಿನ ತರೀಕೆರೆಗೆ ಓಡಿ ಇಂಜೆಕ್ಷನ್ ಹಾಕಿಸಿ ಉಳಿದೆ. ಆದರೆ ಬಂದ ನೆಂಟ ಮತ್ತೆ ಮತ್ತೆ ಬರಲು ಶುರುಮಾಡಿದ. ಅವ್ವನ ಶುಂಠಿ ಮೆಣಸಿನ ಕಷಾಯಕ್ಕೂ, ಎದೆಗೆ ಹಚ್ಚಿದ ನೀಲಗಿರಿ ಎಣ್ಣೆಗೂ ಅವನು ಬಗ್ಗಲಿಲ್ಲ. ಆಗ ಯಾರೋ ಹೇಳಿದರು: ಕಡೂರಿನಲ್ಲಿ ಒಬ್ಬ ಡಾಕ್ಟರು ದಮ್ಮಿನವರಿಗೇ ಅಂತ ಹೊಸ ಮಿಷನ್ನು ತರಿಸಿದ್ದಾರಂತೆ, ಔಷಧಿಯನ್ನು ಹೊಗೆ ಮಾಡಿ ಮೂಗಿಗೆ ಬಿಡುತ್ತಂತೆ.

ಕಡೂರಿಗೆ ಹೋದಾಗ ನನ್ನ ಹರಟೆಯ ನಡುವೆಯೇ ಡಾಕ್ಟರು ಬೆನ್ನಿಗೆ ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿದರು. “ಅಸ್ತಮಾ” ಎಂದರು. “ಪೂರ್ತಿ ಹೋಗುತ್ತೆ ಅಂತ ಸುಳ್ಳು ಹೇಳಲ್ಲ. ಇದರ ಜೊತೆ ಚೆನ್ನಾಗೇ ಬದುಕಬಹುದು. ಗಿರಣಿ ಕಡೆ ಮಾತ್ರ ತಲೆ ಹಾಕಬೇಡ.”

ಅಪ್ಪ ನೆಲ ನೋಡಿದ. ಗಿರಣಿ ಮನೆಯ ಒಬ್ಬನೇ ಮಗನಿಗೆ ಹಿಟ್ಟು ಆಗುವುದಿಲ್ಲ ಎಂದರೆ, ಮೀನಿಗೆ ನೆಗಡಿ ಎಂದ ಹಾಗೆ. ಅವ್ವ ಮಾತ್ರ ಧೈರ್ಯ ಮಾಡಿ ಕೇಳಿದಳು, “ಮದ್ವೆ ಗಿದ್ವೆ ಆಗಬೋದಾ ಸಾರ್?”

“ಎದೆಗೇನೂ ಅಡ್ಡಿಯಿಲ್ಲಮ್ಮ. ಇವನ ಬಾಯಿ ಕೇಳಿದ ಮೇಲೂ ಹೆಣ್ಣು ಕೊಡ್ತಾರಾ, ಅದು ನಂಗೊತ್ತಿಲ್ಲ” ಎಂದರು ಡಾಕ್ಟರು. ಹೊಗೆ ಮಿಷನ್ನಿಗಿಂತ ಮೊದಲೇ ಆ ಮಾತು ನನಗೆ ಅರ್ಧ ಉಸಿರು ಕೊಟ್ಟಿತು.

ಮಿಷನ್ನು ಅಂದರೆ ಒಂದು ಭಾರದ ಪೆಟ್ಟಿಗೆ. ಒಳಗೆ ಮೋಟಾರು. ಅದು ಗಾಳಿಯನ್ನು ಕೊಳವೆಯಲ್ಲಿ ತಳ್ಳುತ್ತದೆ. ಕೊಳವೆಯ ತುದಿಯಲ್ಲಿ ಮುಚ್ಚಳದ ಒಂದು ಪ್ಲಾಸ್ಟಿಕ್ ಬಟ್ಟಲು, ಅದರಲ್ಲಿ ಔಷಧಿಯ ನೀರು. ಗಾಳಿ ಆ ನೀರನ್ನು ಒಡೆದು ಮಂಜು ಮಾಡಿ ಮಾಸ್ಕಿಗೆ ಕಳಿಸುತ್ತದೆ. ಡಾಕ್ಟರು ಇದನ್ನೆಲ್ಲ ನಿಂತು ವಿವರಿಸುತ್ತಿದ್ದರು. ಅವರಿಗೆ ಮಾತಿನ ನಡುವೆ ಹೆಬ್ಬೆರಳಿನಿಂದ ಕನ್ನಡಕ ಮೇಲೆ ತಳ್ಳುವ ಅಭ್ಯಾಸ. ಅವರು ಬಟ್ಟಲ ಕಡೆ ತಿರುಗಿದ್ದಾಗ ನಾನು ಅವರ ಹಿಂದೆ ನಿಂತು, ಉಬ್ಬಸದ ನಡುವೆಯೂ, ಕಾಂಪೌಂಡರ್ ನಾಗಪ್ಪನಿಗೆ ಆ ಕನ್ನಡಕ ತಳ್ಳುವುದನ್ನು ಮಾಡಿ ತೋರಿಸುತ್ತಿದ್ದೆ. ನಾಗಪ್ಪ ತುಟಿ ಕಚ್ಚಿಕೊಂಡು ಗೋಡೆ ನೋಡುತ್ತಿದ್ದ. ಔಷಧಿ ಮುಗಿದದ್ದು ಹೇಗೆ ತಿಳಿಯಬೇಕು ಎಂದು ಅವರು ಹೇಳಿದ್ದು ಆಗಲೇ. ನಮ್ಮಿಬ್ಬರಲ್ಲಿ ಒಬ್ಬರ ಕಿವಿಗೂ ಬೀಳಲಿಲ್ಲ.

ಮಾಸ್ಕು ಹಾಕಿದರು, ಸ್ವಿಚ್ಚು ಒತ್ತಿದರು. ಗುರ್ರ್ರ್ ಎಂದು ಶಾಪೇ ನಡುಗುವ ಹಾಗೆ ಮೋಟಾರು ಹೊರಟಿತು. ತಣ್ಣನೆಯ ಮಂಜು ಗಂಟಲಿಗೆ ಇಳಿಯಿತು, ಕಹಿ ಕಹಿ. ಸ್ವಲ್ಪ ಹೊತ್ತಿಗೆ ಎದೆಯ ಬೆಕ್ಕಿನ ಮರಿಗಳು ಒಂದೊಂದಾಗಿ ಸುಮ್ಮನಾದವು. ಕೈ ನಡುಗಲು ಶುರುವಾಯಿತು, ಗುಂಡಿಗೆ ಡವಡವ. ಅದು ಔಷಧಿಯ ಗುಣ, ಹೆದರಬೇಡ ಎಂದರು. ಹೆದರುವುದೆಲ್ಲಿ ಬಂತು! ಉಸಿರು ಒಳಗೆ ಹೋಗಿ, ಮರ್ಯಾದೆಯಾಗಿ ಹೊರಗೆ ಬರುತ್ತಿತ್ತು. ಎದ್ದು ಕುಣಿಯಬೇಕು ಅನ್ನಿಸಿತು.

ಡಾಕ್ಟರು ಬೇರೆ ರೋಗಿ ನೋಡಲು ಒಳಗೆ ಹೋದರು. ನಾಗಪ್ಪ ಮಾತ್ರೆ ಕಟ್ಟಲು ಹೋದ. ಉಳಿದದ್ದು ನಾನು, ಅವ್ವನನ್ನು ಊರಿನ ಬಸ್ಸು ಹತ್ತಿಸಿ ಆಗ ತಾನೇ ಬಂದ ಅಪ್ಪ, ಬೆಂಚಿನ ತುಂಬ ಕಾಯುವವರು. ಎಲ್ಲರಿಗೂ ಇರುವುದು ಆ ಒಂದೇ ಮಿಷನ್ನು. ನನ್ನ ನಂತರದ ಸರದಿ ಯಗಟಿಯ ಕೆಂಚಮ್ಮಜ್ಜಿಯದು. ಕುರಿ ಸಾಕಿ ಬೆಳೆದ ಮೈ, ಕಡ್ಡಿಯಂಥ ಕಾಲು, ನಾಲಿಗೆ ಮಾತ್ರ ಹೊಸದಾಗಿ ಸಾಣೆ ಹಿಡಿದ ಕತ್ತರಿ.

“ಮುಗೀತೇನಪ್ಪಾ?” ಎಂದಳು.

ನಾನು ಅಪ್ಪನ ಮುಖ ನೋಡಿದೆ. ಅಪ್ಪ ಕಣ್ಣು ಮುಚ್ಚಿ ಕಿವಿಗೊಟ್ಟು ಕೂತಿದ್ದ, ಮನೆಯಲ್ಲಿ ಊಟ ಮಾಡುತ್ತಲೇ ಗಿರಣಿಗೆ ಕಿವಿಗೊಡುತ್ತಾನಲ್ಲ, ಹಾಗೆ. ಡಬ್ಬದ ಕಾಳು ಖಾಲಿಯಾಗುತ್ತಿದ್ದ ಹಾಗೆ ಕಲ್ಲಿನ ಸ್ವರ ಏರುತ್ತದೆ, ಮೋಟಾರು ಹಗುರಾಗುತ್ತದೆ. ಅನ್ನ ಕಲಸುತ್ತಿದ್ದ ಕೈ ಅಲ್ಲೇ ನಿಲ್ಲಿಸಿ “ಕಾಳು ಮುಗೀತು” ಎನ್ನುತ್ತಾನೆ. ಒಂದು ದಿನವೂ ತಪ್ಪಿದವನಲ್ಲ.

“ಇನ್ನೂ ಐತೆ ಕಣಮ್ಮ” ಎಂದ ಅಪ್ಪ, ಪೂರ್ತಿ ಭರವಸೆಯಿಂದ. “ಮೋಟಾರ್ ಸದ್ದು ಒಂಚೂರೂ ಬದಲಾಗಿಲ್ಲ.”

ನಾನೂ ಗಿರಣಿ ಮನೆಯ ಕೂಸೇ. ಹೌದು ಹೌದು ಎಂದು ತಲೆಯಾಡಿಸಿ ಎಳೆಯುತ್ತಲೇ ಇದ್ದೆ. ಅಜ್ಜಿ ಮತ್ತೆ ಕೇಳಿದಳು. ಅಪ್ಪ ಮತ್ತೆ ಕಿವಿಗೊಟ್ಟ. ಮೋಟಾರು ಅದೇ ಗುರ್ರ್ರ್. ಆಗಲೇ ನಾನು ಮಾಸ್ಕು ಎತ್ತಿ, ಮೇಲೆ ಹೇಳಿದ ಆ ಸರ್ಟಿಫಿಕೇಟು ದಯಪಾಲಿಸಿದ್ದು.

ಕೆಂಚಮ್ಮಜ್ಜಿ ಮುಂದಕ್ಕೆ ಬಗ್ಗಿ ನನ್ನ ಮೂತಿಯನ್ನು ಕುರಿಯ ಹಲ್ಲು ನೋಡುವ ಹಾಗೆ ನೋಡಿದಳು. “ಲೇ ಹೈದ, ಹೊಗೆನೇ ಇಲ್ವಲ್ಲೋ! ಏನ್ ಕುಡೀತಿದೀಯ?”

“ಒಳಗೊಳಗೇ ಬರುತ್ತೆ ಅಜ್ಜಿ, ಹೊರಗೆ ಕಾಣಲ್ಲ” ಎಂದೆ, ಡಾಕ್ಟರ ಧ್ವನಿಯಲ್ಲೇ.

ನಾಗಪ್ಪ ಓಡಿ ಬಂದು ಬಟ್ಟಲು ಬಿಚ್ಚಿದ. ಗೋಡೆಗೆ ಅಂಟಿದ ಹನಿಯೂ ಆರಿತ್ತು. ಬೆಂಚಿನವರು ನಕ್ಕದ್ದು ಹೇಗೆಂದರೆ, ಅರ್ಧ ಜನಕ್ಕೆ ನಕ್ಕು ನಕ್ಕು ಉಬ್ಬಸ ಜಾಸ್ತಿಯಾಯಿತು. ಅಪ್ಪ ಒಬ್ಬನೇ ನಗಲಿಲ್ಲ. “ಇದೆಂಥ ಮಿಷನ್ನೋ! ಖಾಲಿ ಹೊಡುದ್ರೂ ಸದ್ದು ಬದಲಾಗಲ್ಲ ಅಂದ್ರೆ ಅದನ್ನ ನಂಬೋದೆಂಗೆ?” ಎಂದು ಅದನ್ನೇ ದಿಟ್ಟಿಸುತ್ತಿದ್ದ. ಗಾಳಿ ತಳ್ಳುವ ಮೋಟಾರಿಗೆ ಬಟ್ಟಲಲ್ಲಿ ಔಷಧಿ ಇದ್ದರೇನು, ಇಲ್ಲದಿದ್ದರೇನು? ಅದರ ಪಾಡಿಗೆ ಅದು ಗುರುಗುಡುತ್ತದೆ, ಮಕ್ಕಳು ಎದ್ದು ಹೋದ ಮೇಲೂ ಪಾಠ ಮಾಡುವ ಮೇಷ್ಟ್ರ ಹಾಗೆ.

ಮಾನ ಹೋದವನು ಮುಂದಿನ ಸಲ ಏನು ಮಾಡುತ್ತಾನೆ? ಅತಿ ಜಾಣನಾಗುತ್ತಾನೆ. ಮುಂದಿನ ಸಲ ಬಟ್ಟಲು ಒಂದೇ ಒಂದು ಸಲ ಪಚ್ ಎಂದು ಹೊಗೆ ತೆಳುವಾದದ್ದೇ ತಡ, ನಾನು ದಾನಶೂರನ ಹಾಗೆ ಮಾಸ್ಕು ಕಿತ್ತು, “ಮುಗೀತು, ಮುಂದಿನೋರು ಬನ್ರಪ್ಪ!” ಎಂದು ಎದ್ದೆ. ನಾಗಪ್ಪನೂ ಹಿಂದೆ ಮುಂದೆ ನೋಡದೆ ಬಟ್ಟಲು ತೊಳೆದ. ಬೆಂಚಿನವರು “ಪರವಾಗಿಲ್ವೇ, ಬುದ್ಧಿ ಬಂದೈತೆ” ಎಂದರು. ಹೆಮ್ಮೆಯಿಂದ ಅಪ್ಪನ ಜೊತೆ ರೈಲು ಹತ್ತಿದೆ.

ಬೀರೂರು ಸ್ಟೇಷನ್ನು ಬರುವ ಹೊತ್ತಿಗೆ ಉಸಿರು ಮತ್ತೆ ಬಿಗಿಯಿತು. ಪ್ಲಾಟ್‌ಫಾರಂ ಮೇಲೆ ಇಳಿಸಿದ ಅಪ್ಪ ನನ್ನನ್ನು ಕಲ್ಲುಬೆಂಚಿಗೆ ಒರಗಿಸಿ ಬೆನ್ನು ತಿಕ್ಕಿದ. ಜನ ಸುತ್ತ ನಿಂತು ನೋಡಿದರು. ಅವರಲ್ಲೊಬ್ಬ ನನ್ನ ಅಣಕು ನೋಡಿ ಬಲ್ಲವನು, “ಏನ್ ಸಖತ್ತಾಗಿ ಮಾಡ್ತಾನ್ರೀ” ಎಂದ. ಅಪ್ಪ ಅವನ ಕಡೆ ತಿರುಗಿದ ರೀತಿಗೆ ಅವನು ರೈಲು ತಪ್ಪಿಸಿಕೊಂಡರೂ ಪರವಾಗಿಲ್ಲ ಎಂದು ಅಲ್ಲಿಂದ ಓಡಿದ. ನಾನು ಉಸಿರಿಗೆ ಬಾಯಿ ತೆರೆದು ತೆರೆದು, ಇನ್ನೊಂದು ಉಸಿರು ಸಿಕ್ಕೀತೋ ಇಲ್ಲವೋ ಎಂದು ಎಣಿಸುತ್ತ ಕೂತಿದ್ದ ಆ ಹೊತ್ತನ್ನು ಇಲ್ಲಿ ಹಾಸ್ಯ ಮಾಡಲು ಎಷ್ಟು ತಿಣುಕಿದರೂ ಆಗುತ್ತಿಲ್ಲ. ಬಿಡಿ.

ವಾಪಸ್ಸು ಕಡೂರಿಗೆ ಬಂದಾಗ ಡಾಕ್ಟರು ಕೆಂಡವಾದರು. “ಅರ್ಧ ಔಷಧಿ ತೊಳೆದು ಚೆಲ್ಲಿದ್ದೀರಿ! ಮೊದಲ ದಿನವೇ ಹೇಳಿದ್ದೆನಲ್ಲ?”

ನಾನು ಮಾಸ್ಕಿನೊಳಗಿಂದ ಪಿಳಿಪಿಳಿ ನೋಡಿದೆ.

“ಹೂಂ, ನಿನಗೆಲ್ಲಿ ಕೇಳಿರುತ್ತೆ? ಆಗ ನೀನು ನನ್ನ ಕನ್ನಡಕದ ಪಾರ್ಟು ಮಾಡ್ತಿದ್ದೆ. ಆ ಬೀರುವಿನ ಗಾಜಿನಲ್ಲಿ ಎಲ್ಲಾ ಕಾಣುತ್ತಪ್ಪ” ಎಂದು ಹೆಬ್ಬೆರಳಿನಿಂದ ಕನ್ನಡಕ ತಳ್ಳಿದರು. ನಾಗಪ್ಪ ಮಾತ್ರೆ ಕಟ್ಟುವ ನೆಪದಲ್ಲಿ ಮಾಯವಾದ. “ಈಗಲಾದ್ರೂ ಕೇಳು. ಕಿವಿ ಕೊಡಬೇಕಾದ್ದು ಮೋಟಾರಿಗಲ್ಲ, ಬಟ್ಟಲಿಗೆ. ಸದ್ದು ಕದಿಯೋ ಕಿವಿ ನಿಂದು, ಇದನ್ನ ಕದ್ದು ನೋಡೋಣ.”

ಆ ಮಾತು ನನಗೆ ಪಂಥ ಕಟ್ಟಿದ ಹಾಗಾಯಿತು. ಕಣ್ಣು ಮುಚ್ಚಿದೆ. ಮೋಟಾರಿನ ಗುರ್ರ್ರ್ ಕೆಳಗೆ, ಗದ್ದದ ಹತ್ತಿರ, ಒಂದು ಸಣ್ಣ ಸದ್ದು ಇತ್ತು! ಸ್ಸ್ಸ್ಸ್ ಎಂದು, ಕಾದ ಕಾವಲಿಯ ಮೇಲೆ ನೀರು ಚಿಮುಕಿಸಿದ್ದು ನಿಲ್ಲದೇ ಇದ್ದ ಹಾಗೆ. ಬಹಳ ಹೊತ್ತು ಅದೇ. ಆಮೇಲೆ ಪಚ್. ಪಚಪಚ ಪ್ರ್ರ್. ನಾನು ಏಳಲು ಹೋದೆ, ಡಾಕ್ಟರು ಭುಜ ಒತ್ತಿ ಬಟ್ಟಲಿಗೆ ಬೆರಳಿನಿಂದ ಟಕ್ ಟಕ್ ಎಂದು ತಟ್ಟಿದರು. ಗೋಡೆಯ ಹನಿಗಳೆಲ್ಲ ಜಾರಿ ತಳಕ್ಕೆ ಬಿದ್ದವು. ಮತ್ತೆ ಸ್ಸ್ಸ್ಸ್! ಮತ್ತೆ ಮಂಜು! ಬೀರೂರಿನ ಪ್ಲಾಟ್‌ಫಾರಂ ಮೇಲೆ ನನಗೆ ಸಿಗದೇ ಹೋದ ಉಸಿರು ಇಲ್ಲಿ ಗೋಡೆಗೆ ಅಂಟಿಕೊಂಡು ಕೂತಿತ್ತು ನೋಡಿ. ಮತ್ತೆ ಪಚಪಚ, ಮತ್ತೆ ತಟ್ಟು. ಕೊನೆಗೆ ತಟ್ಟಿದರೂ ಸ್ಸ್ಸ್ ಬರಲಿಲ್ಲ, ಬರೀ ಒಣ ಗಾಳಿಯ ಪ್ರ್ರ್ರ್. ಅಷ್ಟೇ. ಮುಗಿಯಿತು. ನನಗಾದ ಸಂತೋಷ ಹೇಳತೀರದು. ಯಾರೂ ಅಣಕಿಸದ ಒಂದು ಹೊಚ್ಚಹೊಸ ಸದ್ದು, ಅದೂ ನನ್ನ ಮೂಗಿನ ಕೆಳಗೇ!

ಮುಂದಿನ ಸಲ ಅಪ್ಪ ಗಿರಣಿಯಿಂದ ಒಂದು ಗೋಣಿಚೀಲ ಮಡಿಸಿ ತಂದ, ಮೋಟಾರಿನ ಕೆಳಗೆ ಹಾಸಿದರೆ ಸದ್ದು ತಗ್ಗುತ್ತದೆ ಎಂದು. “ಹಿಟ್ಟಿನ ಚೀಲವಾ? ಉಬ್ಬಸದೋರ ರೂಮಿಗೆ? ಎಲ್ಲರನ್ನೂ ಒಟ್ಟಿಗೇ ಕಳಿಸಿಬಿಡೋಣ ಅಂತಲೋ?” ಎಂದು ಡಾಕ್ಟರು ಅದನ್ನು ರಸ್ತೆಗೆ ಎಸೆಸಿದರು. ಆದರೆ ಉಪಾಯ ಬಿಡಲಿಲ್ಲ. ಚೀಲದ ಬದಲು ರಬ್ಬರ್ ಶೀಟು ಮಡಿಸಿ ಹಾಕಿಸಿದರು. ಗುರ್ರ್ರ್ ತಗ್ಗಿತು, ಬಟ್ಟಲು ಬಾಯಿಬಿಟ್ಟಿತು. ಅಪ್ಪ ಕಣ್ಣು ಮುಚ್ಚಿ ಕೇಳಿ, “ಹಾ, ಇದು ಕಲ್ಲು. ಕಾಳು ಮುಗಿದದ್ದು ಇದೇ ಹೇಳ್ತದೆ” ಎಂದು ಸಮಾಧಾನಪಟ್ಟ.

ನಾನು ಬೆಂಚಿಗೆ ಪಾಠ ಮಾಡಲು ನಿಂತೆ. ಮುಗಿಯುವ ಮೊದಲಿನ ಸದ್ದು ಹೀಗೆ, ತಟ್ಟಬೇಕಾದ ಸದ್ದು ಹೀಗೆ, ಎದ್ದು ಜಾಗ ಬಿಡಬೇಕಾದ ಸದ್ದು ಹೀಗೆ ಎಂದು ಬಾಯಲ್ಲೇ ಮಾಡಿ ತೋರಿಸಿದೆ. ಅಮೃತಾಪುರದಿಂದ ಬರುತ್ತಿದ್ದ ಒಬ್ಬರು ಕಪ್ಪು ಕೊಡೆಯನ್ನು ಮಾಸ್ಕಿನ ಹಿಂದೆ ಹಿಡಿದು, ಮಂಜು ಕಾಣುತ್ತದೆಯೇ ಎಂದು ನೋಡುವುದನ್ನು ಸೇರಿಸಿದರು. ಅಲ್ಲಿಂದ ಶಾಪಿನ ಕಳೆಯೇ ಬದಲಾಯಿತು. ಯಾರೇ ಮಿಷನ್ನಿಗೆ ಕೂತರೂ ಇಡೀ ಬೆಂಚು ಕಬಡ್ಡಿ ನೋಡುವ ಹಾಗೆ ಬಗ್ಗಿ ಕೂರುತ್ತಿತ್ತು. ಬಟ್ಟಲು ಪಚ್ ಎಂದರೆ ಒಟ್ಟಿಗೆ, “ತಟ್ಟು!” ಮತ್ತೆ ಪಚಪಚ, “ತಟ್ಟು ತಟ್ಟು!” ಒಣ ಪ್ರ್ರ್ ಬಂದಾಗ, “ಆಯ್ತೂ, ಏಳೂ!” ಡಾಕ್ಟರು ಒಳಗಿಂದ, “ಇದು ಆಸ್ಪತ್ರೆ ಕಣ್ರಯ್ಯಾ” ಎನ್ನುತ್ತಿದ್ದರು. ಮೊದಲು ಇದೇ ಬೆಂಚಿನಲ್ಲಿ ಮುಗೀತು, ಮುಗಿದಿಲ್ಲ ಎಂದು ಜಗಳವಾಗುತ್ತಿತ್ತು. ಈಗ ಯಾರಿಗೂ ಒಂದು ಹನಿ ಕಡಿಮೆಯಿಲ್ಲ, ಯಾರೂ ಖಾಲಿ ಗಾಳಿಗೆ ಕೂತು ಇನ್ನೊಬ್ಬರನ್ನು ಕಾಯಿಸುವುದಿಲ್ಲ.

ಕೆಂಚಮ್ಮಜ್ಜಿ ನನ್ನ ಪಾಠಕ್ಕೆ ಬಗ್ಗುವವಳೇ? “ಬಟ್ಲಿಗೂ ನಿಂಗೂ ಒಂದೇ ವ್ಯತ್ಯಾಸ ಕಣೋ. ಅದು ಖಾಲಿಯಾದ್ಮೇಲೆ ಸುಮ್ಕಾಯ್ತದೆ” ಎಂದಿದ್ದಳು. ಬರುವಾಗ ಸೆರಗಿನಲ್ಲಿ ಹುರಿಗಡಲೆ ಕಟ್ಟಿ ತಂದು, “ತಿನ್ನು, ಬಾಯಿಗಾದ್ರೂ ಕೆಲ್ಸ ಇರ್ಲಿ” ಎಂದು ನನ್ನ ಕೈಗೆ ಸುರಿಯುವವಳೂ ಅವಳೇ. ಈಗಲೂ ಕುರಿಯ ಹಿಂದೆ ಹೋಗುತ್ತಾಳೆ. ನಾನು ಜೇಬಿನಲ್ಲಿ ಬಾಯಿಗೆ ಒತ್ತಿಕೊಳ್ಳುವ ಸಣ್ಣ ಪಂಪು ಇಟ್ಟುಕೊಂಡು ಊರೂರು ತಿರುಗಿ ಅಣಕು ಮಾಡುತ್ತೇನೆ. ಗಿರಣಿಯ ಹತ್ತಿರ ಹೋಗುವುದಿಲ್ಲ. ಅಪ್ಪನೇ ಹಿಟ್ಟು ಕೊಡವಿಕೊಂಡು, ಕೈಕಾಲು ತೊಳೆದು ನನ್ನ ಹತ್ತಿರ ಬಂದು ಕೂರುತ್ತಾನೆ.

ಆ ಬೆಂಚಿನ ಕಾಲದ ಒಂದು ಬೆಳಗ್ಗೆ ಮಾತ್ರ ಹೇಳದೆ ಮುಗಿಸಲಾರೆ. ಧನುರ್ಮಾಸದ ಚಳಿ, ಇಬ್ಬನಿ. ರೈಲಿನಲ್ಲೇ ಉಸಿರು ಕಟ್ಟಿ, ಕಡೂರು ಮುಟ್ಟುವ ಹೊತ್ತಿಗೆ ನನ್ನ ಬಾಯಿಂದ ಒಂದು ಇಡೀ ಮಾತು ಹೊರಡುತ್ತಿರಲಿಲ್ಲ. ಬೆಂಚಿನವರೇ ನನ್ನನ್ನು ಎಬ್ಬಿಸಿ ಎಲ್ಲರಿಗಿಂತ ಮುಂದೆ ಕೂರಿಸಿದರು. ಆಗ ಸರದಿಯಲ್ಲಿ ಮೊದಲಿದ್ದವಳು ಕೆಂಚಮ್ಮಜ್ಜಿ. ಅವಳಿಗೂ ಅವತ್ತು ಜೋರಾಗೇ ಇತ್ತು. ಕೈ ಬೀಸಿ, ಹೋಗು ಎಂದಳು.

ಮಂಜು ಇಳಿಯಿತು. ಎದೆ ಸಡಿಲವಾಯಿತು. ಪಚ್ ಎಂದಿತು, ಬೆಂಚು “ತಟ್ಟು” ಎಂದಿತು, ನಾಗಪ್ಪ ತಟ್ಟಿದ. ಮತ್ತೆ ಪಚಪಚ, ಮತ್ತೆ ತಟ್ಟು. ಇನ್ನೊಂದು ಸಲ ತಟ್ಟಿದರೆ ಒಣ ಪ್ರ್ರ್ ಬರುತ್ತದೆ ಎಂದು ನನ್ನ ಕಿವಿಗೆ ಗೊತ್ತಾಯಿತು. ಆಗ ನನಗೆ ಬೀರೂರಿನ ಕಲ್ಲುಬೆಂಚು ಕಣ್ಣಿಗೆ ಕಟ್ಟಿತು. ಮಾಸ್ಕು ತೆಗೆದರೆ ಮತ್ತೆ ಅಲ್ಲಿಗೇ ಹೋಗುತ್ತೇನೆ ಅನ್ನಿಸಿತು. ಉಸಿರು ಸರಾಗವಾಗಿ ಬರುತ್ತಿದೆ, ನಿಜ. ಆದರೆ ಬರುತ್ತಿರುವುದು ನನ್ನಿಂದಲೋ ಮಾಸ್ಕಿನಿಂದಲೋ ಯಾರಿಗೆ ಗೊತ್ತು? ಎರಡೂ ಕೈಯಲ್ಲಿ ಮಾಸ್ಕನ್ನು ಒತ್ತಿ ಹಿಡಿದೆ. ನಾಗಪ್ಪ ತಟ್ಟಿದ. ಒಣ ಪ್ರ್ರ್ ಹೊರಡುವ ಮೊದಲೇ, ನನ್ನ ಜನ್ಮದ ವಿದ್ಯೆಯೆಲ್ಲ ಒಟ್ಟುಗೂಡಿಸಿ, ಹಲ್ಲಿನ ಸಂದಿಯಿಂದ ಸ್ಸ್ಸ್ಸ್ಸ್ ಎಂದೆ.

ಎಂಥ ಸ್ಸ್ಸ್ ಅದು! ಸಾಕ್ಷಾತ್ ಬಟ್ಟಲೇ ನಾಚಬೇಕು, ಅದರ ಒಣ ಪ್ರ್ರ್ ನನ್ನ ಸದ್ದಿನೊಳಗೆ ಮುಳುಗಿಹೋಯಿತು. ನಾಗಪ್ಪ “ಇನ್ನೂ ಐತೆ” ಎಂದು ಕೈ ತೆಗೆದ. ಬೆಂಚು ತೆಪ್ಪಗಾಯಿತು. ಕೊಡೆ ಹಿಡಿಯುವವರು ಅವತ್ತು ಬಂದಿರಲಿಲ್ಲ. ನಾನು ಸ್ಸ್ಸ್ಸ್ ಎಂದೆ, ಮತ್ತೆ ಸ್ಸ್ಸ್ಸ್ ಎಂದೆ. ಯಾರಿಗೂ ಅನುಮಾನ ಬರಲಿಲ್ಲ. ಡಾಕ್ಟರು ಕೂಡ ಬಾಗಿಲಲ್ಲಿ ಒಂದು ಕ್ಷಣ ನಿಂತು ಕೇಳಿ ಒಳಗೆ ಹೋದರು.

ಕೆಂಚಮ್ಮಜ್ಜಿ ಮಂಡಿಯ ಮೇಲೆ ಕೈಯೂರಿ, ತಲೆ ಬಗ್ಗಿಸಿ ಕೂತಿದ್ದಳು. ಬೆನ್ನು ಏರಿ ಇಳಿಯುತ್ತಿತ್ತು. ತಲೆ ಎತ್ತಲಿಲ್ಲ, ನನ್ನ ಕಡೆ ನೋಡಲೂ ಇಲ್ಲ. ಸುಮ್ಮನೆ ಕೇಳುತ್ತಿದ್ದಳು. ಆಮೇಲೆ ಒಂದೊಂದೇ ಮಾತನ್ನು ಉಸಿರಿನಿಂದ ಕಿತ್ತು ಕಿತ್ತು ಹೇಳಿದಳು:

“ಮಿಷನ್ನು... ಉಸ್ರು ತಗಳಾಕೆ... ಮಧ್ಯ ಮಧ್ಯ ನಿಲ್ಸಲ್ಲ ಕಣೋ. ನೀನು ನಿಲ್ಸ್ತಾ ಇದೀಯ. ಏಳು.”